ನಿಂತ ಕಾರಿನೊಳಗೆ ಒಂದು ಬೆಳಗ್ಗೆ

ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ನಮ್ಮ ಸೋದರಮಾವ ಒಂದು ಹಳೇ ಕಾರು ಕೊಂಡರು. 2016ರ ಗಾಡಿ. ಚಿಕ್ಕತಿರುಪತಿಗೆ ಒಯ್ದು ಪೂಜೆ ಮಾಡಿಸಿ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಹಿಸುಕಿ, ಬಾನೆಟ್ಟಿಗೆ ಕುಂಕುಮವಿಟ್ಟು ಮನೆಗೆ ತಂದರು. ನಾನು ಹೋಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಅಷ್ಟರಲ್ಲಿ ಮಾಲೂರಿಗೆ ಹತ್ತಾರು ಸಲ, ಹೊಸೂರಿಗೆ ಎರಡು ಸಲ, ಕೋಲಾರದ ಮಂಡಿಗೆ ಒಂದು ಸಲ ಹೋಗಿ ಬಂದಿದ್ದರು.

‘ಮೊನ್ನೆ ಬೆಳಗ್ಗೆ ಗಾಜೆಲ್ಲ ಬೆಳ್ಳಗಾಗಿ ರಸ್ತೇನೇ ಕಾಣಲಿಲ್ಲ ಕಣಪ್ಪ. ಒಂದು ಕೈಲಿ ಟವಲ್ ಹಿಡ್ಕಂಡು ಒರೆಸ್ತಾ ಒರೆಸ್ತಾ ಮಾಲೂರುವರೆಗೂ ಓಡಿಸ್ದೆ’ ಎಂದು ಸಾಹಸದ ಕಥೆಯಂತೆ ಹೇಳಿದರು. ಗಾಜಿನ ಮಂಜು ಅಳಿಸುವ ಗುಂಡಿ ಅವರ ಎಡಗೈಯಿಂದ ಒಂದು ಗೇಣು ದೂರದಲ್ಲಿತ್ತು. ‘ಇಷ್ಟೊಂದು ಗುಂಡಿ ಇಟ್ಟವ್ರೆ. ಯಾವುದು ಒತ್ತಿದ್ರೆ ಏನಾಗುತ್ತೋ ಅಂತ ನಾನು ಮುಟ್ಟಾಕೇ ಹೋಗಿಲ್ಲ.’

ಹೊಸ ಎತ್ತು ತಂದ ರೈತ ಮಾರನೇ ದಿನವೇ ಅದನ್ನು ನೊಗಕ್ಕೆ ಹೂಡುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಮೈ ಸವರಿ ಎಲ್ಲಿ ಮುಟ್ಟಿದರೆ ಬೆದರುತ್ತದೆ ಎಂದು ತಿಳಿದುಕೊಳ್ಳುತ್ತಾನೆ. ಮಾವ ಹಾಗೆ ಎತ್ತು ಪಳಗಿಸಿದವರೇ. ಕಾರಿಗೆ ಮಾತ್ರ ಆ ಮರ್ಯಾದೆ ಸಿಗಲಿಲ್ಲ. ಅದಕ್ಕೇ ಆವತ್ತು ಬೆಳಗ್ಗೆ ಹೊಂಗೆಮರದ ನೆರಳಲ್ಲಿ, ಎಂಜಿನ್ ಶುರುಮಾಡದೆ, ಇಬ್ಬರೂ ಕಾರಿನಲ್ಲಿ ಕೂತೆವು.

ಕೀಲಿಯನ್ನು ಎರಡನೇ ಹಂತಕ್ಕೆ ತಿರುಗಿಸಿದೊಡನೆ ಮೀಟರಿನ ಫಲಕದಲ್ಲಿ ಹತ್ತಾರು ದೀಪಗಳು ಒಟ್ಟಿಗೆ ಹೊತ್ತಿಕೊಂಡವು. ಮಾವ ಗಾಬರಿಯಾದರು. ಅದು ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಏರ್‌ಬ್ಯಾಗ್, ಬ್ರೇಕ್, ಬ್ಯಾಟರಿ, ಎಂಜಿನ್ ಆಯಿಲ್ ಎಲ್ಲವೂ ‘ಇದ್ದೀನಿ ಸಾರ್’ ಎಂದು ಒಮ್ಮೆ ಕೈಯೆತ್ತುತ್ತವೆ. ಕೆಲವು ತಾವಾಗಿಯೇ ಆರುತ್ತವೆ, ಉಳಿದವು ಎಂಜಿನ್ ಶುರುವಾದ ಮೇಲೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇಲ್ಲೇ ಕಣ್ಣಿಡಬೇಕು. ಹೊತ್ತಿ ಆರದ ದೀಪ ಅಪಾಯದ ಸೂಚನೆ ಎಂಬುದು ಎಲ್ಲರಿಗೂ ಗೊತ್ತು. ಹೊತ್ತಲೇ ಹೊತ್ತದ ದೀಪ ಅದಕ್ಕಿಂತ ಕೆಟ್ಟದ್ದು. ಏರ್‌ಬ್ಯಾಗಿನ ದೀಪ ಹಾಜರಿಗೇ ಬರಲಿಲ್ಲವೆಂದರೆ, ರಿಪೇರಿಯ ಖರ್ಚು ತಪ್ಪಿಸಲು ಯಾರೋ ಅದರ ಬಾಯಿ ಕಟ್ಟಿರಬಹುದು.

ಈ ದೀಪಗಳ ಚಿತ್ರಗಳಿಗೆ ಒಂದು ಅಂತರರಾಷ್ಟ್ರೀಯ ಮಾನಕವಿದೆ, ಐಎಸ್‌ಒ 2575. ಮಲೇಷ್ಯಾದ ಕಾರಾಗಲಿ ಮಾಲೂರಿನ ಕಾರಾಗಲಿ, ತೊಟ್ಟಿಕ್ಕುವ ಎಣ್ಣೆಗಿಂಡಿ ಕೆಂಪಗೆ ಕಂಡರೆ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಕುಸಿದಿದೆ ಎಂದೇ ಅರ್ಥ. ಕೆಂಪಿಗೆ ತಕ್ಷಣ ನಿಲ್ಲಬೇಕು. ಹಳದಿಗೆ ಬೇಗ ತೋರಿಸಬೇಕು. ಹಸಿರು, ನೀಲಿ ಬರೀ ಸಮಾಚಾರ. ಮಾವ ಆ ಗಿಂಡಿಯನ್ನು ನೋಡಿ, ‘ನಾನು ದೇವರ ದೀಪ ಅಂದ್ಕಂಡಿದ್ದೆ’ ಎಂದರು. ಪೆಟ್ರೋಲ್ ಮುಳ್ಳಿನ ಪಕ್ಕ, ಪಂಪಿನ ಚಿತ್ರಕ್ಕೆ ಅಂಟಿಕೊಂಡ ಪುಟ್ಟ ಬಾಣವೊಂದಿದೆ. ಟ್ಯಾಂಕಿನ ಮುಚ್ಚಳ ಕಾರಿನ ಯಾವ ಮಗ್ಗುಲಲ್ಲಿದೆಯೋ ಬಾಣ ಆ ಕಡೆ ತೋರಿಸುತ್ತದೆ. ಫೋರ್ಡ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಜಿಮ್ ಮೊಯ್ಲಾನ್ ಒಂದು ಮಳೆಯ ದಿನ ಬಂಕಿನಲ್ಲಿ ತಪ್ಪು ಮಗ್ಗುಲಿಗೆ ನಿಲ್ಲಿಸಿ ತೊಯ್ದು, 1986ರಲ್ಲಿ ಈ ಬಾಣದ ಸಲಹೆಯನ್ನು ಕಂಪನಿಗೆ ಬರೆದು ಕೊಟ್ಟವರು. ಮೂರು ವಾರದಿಂದ ಬಂಕಿನಲ್ಲಿ ಪ್ರತಿ ಸಲವೂ ಇಳಿದು ನೋಡುತ್ತಿದ್ದ ಮಾವನಿಗೆ ಆ ಬೆಳಗ್ಗೆ ಅತ್ಯಂತ ಇಷ್ಟವಾದ ಸಂಗತಿ ಇದೇ.

ಆಮೇಲೆ ಸ್ಟೀರಿಂಗಿನ ಹಿಂದಿನ ಎರಡು ಕಡ್ಡಿಗಳು. ಬಲಗಡೆಯದು ಇಂಡಿಕೇಟರ್, ಎಡಗಡೆಯದು ವೈಪರ್. ಜಪಾನಿನ ನೆಂಟಸ್ತನವಿರುವ ಕಾರುಗಳಲ್ಲಿ ಹೀಗೆ. ಯುರೋಪಿನ ಕಂಪನಿಗಳವು ಹೆಚ್ಚಾಗಿ ಅದಲು ಬದಲು. ಜಪಾನಿನಲ್ಲೂ ನಮ್ಮ ಹಾಗೆ ಚಾಲಕ ಕೂರುವುದು ಬಲಗಡೆ. ತಿರುವಿನಲ್ಲಿ ಎಡಗೈ ಗೇರಿಗೆ ಹೋದಾಗ ಬಲಗೈಯ ಬೆರಳು ಇಂಡಿಕೇಟರ್ ತಳ್ಳಲು ಬಿಡುವಾಗಿರುತ್ತದೆ. ಎಡಗಡೆ ಕೂತು ಓಡಿಸುವ ಯುರೋಪಿನವರು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದನ್ನು ನಮಗೆ ಹಾಗೇ ಕಳಿಸುತ್ತಾರೆ. ನೆಂಟರ ಕಾರು ಓಡಿಸಲು ಹೋಗಿ, ಬಲಕ್ಕೆ ತಿರುಗುವಾಗ ಒಣ ಗಾಜಿನ ಮೇಲೆ ವೈಪರ್ ಕೊರಕೊರ ಎನ್ನಿಸಿದವರಿಗೆ ಇದು ಗೊತ್ತು.

ಕೈ ಒಮ್ಮೆ ಕಲಿತರೆ ಕಣ್ಣು ನೋಡಬೇಕಿಲ್ಲ. ಕಾರಿನ ಒಳಗನ್ನು ಮಾಡುವವರ ವಿದ್ಯೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ನೆಲಕ್ಕಿಳಿದ ಮೇಲೆ ಕಾರಣವಿಲ್ಲದೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಪೈಲಟ್ಟಿನ ತಪ್ಪು ಎಂದು ಷರಾ ಬರೆದು ಮುಗಿಸುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಕಾಕ್‌ಪಿಟ್ಟಿನೊಳಗೆ ಹೋಗಿ ನೋಡಿದರೆ, ರೆಕ್ಕೆಯ ಪಟ್ಟಿ ಎಳೆಯುವ ಹಿಡಿಯೂ ಚಕ್ರ ಮಡಚುವ ಹಿಡಿಯೂ ಅಕ್ಕಪಕ್ಕ, ನೋಡಲು ಒಂದೇ ಥರ. ದಣಿದ ಪೈಲಟ್ ಒಂದರ ಬದಲು ಇನ್ನೊಂದನ್ನು ಎಳೆಯುತ್ತಿದ್ದ. ಚಕ್ರದ ಹಿಡಿಗೆ ರಬ್ಬರಿನ ಪುಟ್ಟ ಚಕ್ರ, ರೆಕ್ಕೆಯ ಹಿಡಿಗೆ ಬೆಣೆಯಾಕಾರದ ತುಂಡು ಅಂಟಿಸಿದರು. ಆ ಥರದ ಅಪಘಾತ ನಿಂತುಹೋಯಿತು. ನಿಮ್ಮ ಕಾರಿನ ಫ್ಯಾನಿನ ಗುಬುಟು ದುಂಡಗಿದ್ದು, ಗಾಜು ಇಳಿಸುವ ಸ್ವಿಚ್ಚು ಕೊಕ್ಕೆಯಂತಿರುವುದು ಇದೇ ವಿದ್ಯೆಯ ಫಲ. ಕತ್ತಲಲ್ಲೂ ಬೆರಳು ಗುರುತಿಸುತ್ತದೆ.

ಇಷ್ಟು ಕಲಿತ ಉದ್ಯಮ ಈಗ ಎಲ್ಲ ಗುಂಡಿಗಳನ್ನೂ ಕಿತ್ತು ಒಂದು ನುಣುಪು ಗಾಜಿನ ಪರದೆಯೊಳಕ್ಕೆ ತಳ್ಳುತ್ತಿದೆ. ನನ್ನ ಮಟ್ಟಿಗೆ ಇದು ಹಿಂದಕ್ಕೆ ಹೋದ ಹೆಜ್ಜೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಫ್ಯಾನ್ ಕಡಿಮೆ ಮಾಡಲು ಎರಡೇ ಸೆಕೆಂಡು ಪರದೆ ನೋಡಿದರೂ 33 ಮೀಟರ್ ಕುರುಡಾಗಿ ಹೋದಂತೆ. ಲಕ್ಕೂರಿನ ರಸ್ತೆಯಲ್ಲಿ ಅಷ್ಟರೊಳಗೆ ಒಂದು ಎಮ್ಮೆ, ಒಂದು ಇಟ್ಟಿಗೆ ಲಾರಿ, ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಟಿವಿಎಸ್ ಎದುರಾಗಬಹುದು. ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ ಇದನ್ನು ಮನಗಂಡು, ಇಂಡಿಕೇಟರ್, ವೈಪರ್, ಹಾರ್ನ್, ಅಪಾಯದ ದೀಪಗಳಿಗೆ ಕೈಗೆ ಸಿಗುವ ನಿಜವಾದ ಗುಂಡಿ ಇರದ ಕಾರುಗಳಿಗೆ 2026ರಿಂದ ಅಂಕ ಕಡಿಮೆ ಮಾಡುವುದಾಗಿ ಹೇಳಿದೆ.

‘ನಮ್ಮ ಕಾಲದ ಟ್ಯಾಕ್ಸೀಲಿ ಗೇರೇ ಸ್ಟೀರಿಂಗ್ ಪಕ್ಕ ಇರ್ತಿತ್ತು’ ಎಂದರು ಮಾವ. ನಿಜ, ಅಂಬಾಸಡರ್, ಪದ್ಮಿನಿಗಳಲ್ಲಿ ಹಾಗಿತ್ತು. ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿದ್ದು, ಮೂವರು ಕೂತರೂ ಮೊಣಕಾಲಿಗೆ ಗೇರು ತಾಗುತ್ತಿರಲಿಲ್ಲ. ಪದ್ಮಿನಿ ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಕಟ್ಟಿದರು. ಅದಕ್ಕೂ ಮುಂಚೆ, 1930ರ ದಶಕದಲ್ಲಿ, ದೇಶದಲ್ಲೇ ಕಾರು ತಯಾರಾಗಬೇಕೆಂದು ಅಮೆರಿಕ, ಯುರೋಪಿನ ಕಾರ್ಖಾನೆ ಸುತ್ತಿ ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು ಹುಟ್ಟಿದ ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2007ರವರೆಗೆ ಅದು ಕೋಲಾರ ಜಿಲ್ಲೆಯೇ.

ಈಗ ಮಾವನ ಟವಲಿಗೆ ಬರೋಣ. ಸಮುದ್ರಮಟ್ಟಕ್ಕಿಂತ 800–900 ಮೀಟರ್ ಎತ್ತರದ ಬಯಲುಸೀಮೆ ಇದು, ಮಾಗಿಯ ಬೆಳಗ್ಗೆ ಚಳಿ ಕೊರೆಯುತ್ತದೆ. 30 ಡಿಗ್ರಿಯ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹೊರಬಲ್ಲದು. 15 ಡಿಗ್ರಿಗೆ ಇಳಿದರೆ ಅದರ ತಾಕತ್ತು 13 ಗ್ರಾಮಿಗೆ ಕುಸಿಯುತ್ತದೆ. ಕಾರಿನೊಳಗೆ ಇರುವುದು ಹೆಚ್ಚುಕಡಿಮೆ ಮೂರು ಘನಮೀಟರ್ ಗಾಳಿ. ಅಂದರೆ ತಣ್ಣಗಿನ ಬೆಳಗ್ಗೆ ಆ ಇಡೀ ಗಾಳಿ ಹೊರಬಲ್ಲದ್ದು 40 ಗ್ರಾಂ ನೀರು, ಅರ್ಧ ಲೋಟವೂ ಇಲ್ಲ. ಸುಮ್ಮನೆ ಕೂತ ಮನುಷ್ಯ ಉಸಿರಿನಿಂದ, ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ನಾಲ್ವರು ಕೂತು ಗಾಜು ಏರಿಸಿದರೆ ಕಾಲು ಗಂಟೆಯಲ್ಲಿ ಆ ಪಾಲು ತುಂಬಿತು. ಮಿಕ್ಕಿದ್ದೆಲ್ಲ ಹೋಗಿ ಕೂರುವುದು ಅತಿ ತಣ್ಣಗಿರುವ ಜಾಗದ ಮೇಲೆ, ಎಂದರೆ ಮುಂದಿನ ಗಾಜಿನ ಮೇಲೆ. ಟವಲಿನಲ್ಲಿ ಒರೆಸಿದರೆ ಮತ್ತೆ ಬರುತ್ತದೆ, ಉಸಿರಾಟ ನಿಲ್ಲುವುದಿಲ್ಲವಲ್ಲ.

ಅದಕ್ಕೆ ಮದ್ದು ಏಸಿ. ಚಳಿಯಲ್ಲಿ ಏಸಿಯೇ ಎಂದು ಮಾವ ಕಣ್ಣರಳಿಸಿದರು. ಏಸಿಯ ಮೊದಲ ಕೆಲಸ ತಂಪು ಎಂದು ನಾವು ತಿಳಿದಿದ್ದೇವೆ, ಆದರೆ ಅದು ಗಾಳಿಯನ್ನು ಒಣಗಿಸುವ ಯಂತ್ರವೂ ಹೌದು. ಒಳಗಿನ ತಣ್ಣನೆಯ ಕೊಳವೆಗಳ ಮೇಲೆ ನೀರಾವಿ ಹನಿಗಟ್ಟಿ, ಸಣ್ಣ ನಳಿಗೆಯಲ್ಲಿ ಹೊರಗೆ ಬೀಳುತ್ತದೆ. ಏಸಿ ಹಾಕಿ ನಿಲ್ಲಿಸಿದ ಕಾರಿನಡಿ ತೊಟ್ಟಿಕ್ಕುವ ನೀರು ಅದೇ, ಸೋರಿಕೆಯಲ್ಲ. ಏಸಿ ಹಾಕಿ, ಬಿಸಿಯ ಗುಬುಟನ್ನೂ ಕೆಂಪಿನ ಕಡೆ ತಿರುಗಿಸಿ, ಗಾಳಿಯ ದಿಕ್ಕನ್ನು ಮುಂದಿನ ಗಾಜಿಗೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ರಸ್ತೆ ಕಾಣುತ್ತದೆ. ಹಿಂದಿನ ಗಾಜಿನ ಮೇಲಿರುವ ಕಂದು ಗೆರೆಗಳು ಅಲಂಕಾರವಲ್ಲ. ಅವು ಇಸ್ತ್ರಿಪೆಟ್ಟಿಗೆಯ ತಂತಿಯಂತೆ ವಿದ್ಯುತ್ತಿನಿಂದ ಬಿಸಿಯಾಗುವ ಎಳೆಗಳು. ಮಳೆಗಾಲದಲ್ಲಿ ಕಥೆ ತಿರುವುಮುರುವು. ಏಸಿಯ ತಣ್ಣಗಾಳಿ ಗಾಜಿಗೆ ಬಡಿದು, ಹೊರಗಿನ ತೇವದ ಗಾಳಿ ಗಾಜಿನ ಹೊರಮೈ ಮೇಲೆ ಹನಿಗಟ್ಟುತ್ತದೆ. ಬೆರಳಿಂದ ಒಳಗೆ ಒಂದು ಗೆರೆ ಎಳೆದು ನೋಡಿ. ಅಳಿಸಿದರೆ ಮಂಜು ಒಳಗಿನದು, ಅಳಿಸದಿದ್ದರೆ ಹೊರಗಿನದು. ಹೊರಗಿನದಕ್ಕೆ ವೈಪರ್ ಸಾಕು.

ಏಸಿ ಗುಂಡಿಯ ಪಕ್ಕದಲ್ಲೇ ಕಾರಿನ ಚಿತ್ರದೊಳಗೆ ಬಾಗಿದ ಬಾಣವಿರುವ ಗುಂಡಿ ಇದೆ. ಅದನ್ನು ಒತ್ತಿದರೆ ಹೊರಗಿನ ಗಾಳಿ ಬಂದ್, ಒಳಗಿನದೇ ಸುತ್ತುತ್ತದೆ. ಇಟ್ಟಿಗೆ ಗೂಡಿನ ಹೊಗೆ, ಲಾರಿ ಹಿಂದಿನ ಧೂಳಿಗೆ ಅದು ಬೇಕು. ಆದರೆ ಬಹಳ ಜನ ಒತ್ತಿದ್ದನ್ನು ತೆಗೆಯುವುದೇ ಇಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.04. ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಬಿಡುತ್ತಾನೆ. ಒಂದಿಷ್ಟೂ ಸಂದಿಯಿಲ್ಲದ ಕಾರಾಗಿದ್ದರೆ ನಾಲ್ವರ ಉಸಿರಿನಿಂದ ಅರ್ಧ ಗಂಟೆಯಲ್ಲಿ ಅದು ಶೇ. 1 ದಾಟುತ್ತದೆ. ಬಾಗಿಲ ಸಂದಿಗಳು ನಮ್ಮನ್ನು ಕಾಯುತ್ತವೆ, ಅಷ್ಟು ಏರಲು ಬಿಡುವುದಿಲ್ಲ. ಆದರೂ ಏರಿದಷ್ಟಕ್ಕೇ ತಲೆ ಭಾರವಾಗುತ್ತದೆ, ಆಕಳಿಕೆ ಬರುತ್ತದೆ. ಊಟವಾದ ಮೇಲಿನ ಪ್ರಯಾಣದಲ್ಲಿ ಬರುವ ನಿದ್ದೆಗೆಲ್ಲ ಮುದ್ದೆಯನ್ನೇ ದೂರಬೇಡಿ, ಆ ಗುಂಡಿಯನ್ನೂ ನೋಡಿ.

ರಾತ್ರಿ ಹಿಂದಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಮಾವ ನಡುಗನ್ನಡಿಯನ್ನೇ ಮೇಲಕ್ಕೆ ಓರೆ ಮಾಡಿಟ್ಟಿದ್ದರು. ಕನ್ನಡಿಯ ಕೆಳತುದಿಯಲ್ಲಿ ನಾಲಿಗೆಯಂಥ ಒಂದು ಚಿಕ್ಕ ಪಟ್ಟಿ ಇದೆ, ಅದನ್ನು ಹಿಂದಕ್ಕೋ ಮುಂದಕ್ಕೋ ಮಡಚಬಹುದು. ಇದರ ಹಿಂದಿರುವ ಭೌತವಿಜ್ಞಾನ ಬಹಳ ಸೊಗಸು. ಆ ಕನ್ನಡಿಯ ಗಾಜು ಸಮತಟ್ಟಲ್ಲ, ಬೆಣೆಯಂತೆ ಮೇಲೆ ದಪ್ಪ, ಕೆಳಗೆ ತೆಳು. ಹಿಂಬದಿಯ ಲೋಹದ ಲೇಪ ಬಂದ ಬೆಳಕಿನ ಬಹುಪಾಲನ್ನು ಹಿಂತಿರುಗಿಸುತ್ತದೆ, ಮುಂಬದಿಯ ಬರೀ ಗಾಜು ಶೇ. 4ರಷ್ಟನ್ನು ಮಾತ್ರ. ಎರಡು ಮೈಗಳ ನಡುವೆ ಕೋನ ಬೇರೆ ಇರುವುದರಿಂದ ಎರಡು ಪ್ರತಿಬಿಂಬಗಳು ಎರಡು ದಿಕ್ಕಿಗೆ ಹೋಗುತ್ತವೆ. ಹಗಲಲ್ಲಿ ಲೇಪದ ಬಿಂಬ ಕಣ್ಣಿಗೆ. ಪಟ್ಟಿ ಮಡಚಿದಾಗ ಆ ಪ್ರಖರ ಬಿಂಬ ಕಾರಿನ ಸೂರಿಗೆ ಹೋಗಿ, ಗಾಜಿನ ಮಂಕು ಬಿಂಬ ಕಣ್ಣಿಗೆ ಬರುತ್ತದೆ. ವಿದ್ಯುತ್ತಿಲ್ಲ, ಚಿಪ್ಪಿಲ್ಲ, ಒಂದು ಬೆಣೆ ಅಷ್ಟೇ. ಲಾರಿ ಕಾಣುತ್ತದೆ, ಆದರೆ ಕಣ್ಣು ಕುಕ್ಕುವುದಿಲ್ಲ.

ಅಷ್ಟರಲ್ಲಿ ಅತ್ತೆ ಕಾಫಿ ತಂದು, ಹಿಂದಿನ ಸೀಟಿನಲ್ಲಿ ತಾವೂ ಕೂತರು. ‘ಗಣೇಶನ್ನ ಮುಂದೆ ಕೂರಿಸಿದ್ದೀನಿ, ನೋಡಿದಾ?’

ನೋಡಿದ್ದೆ. ಅದನ್ನು ಹೇಗೆ ಹೇಳುವುದೆಂದು ಆಗಿನಿಂದ ಒದ್ದಾಡುತ್ತಿದ್ದೆ. ಕಲ್ಲಿನ ಪುಟ್ಟ ಮೂರ್ತಿ, ಅಂಟಿನಿಂದ ಗಟ್ಟಿಯಾಗಿ ಕೂರಿಸಿದ್ದು, ಎಡಗಡೆಯ ಸೀಟಿನ ಎದುರಿಗೆ. ಅದರ ಕೆಳಗೆ ಡ್ಯಾಶ್‌ಬೋರ್ಡಿನ ಮೇಲೆ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂದು ಕೊರೆದ ಅಕ್ಷರಗಳು ಅರ್ಧ ಮುಚ್ಚಿಹೋಗಿದ್ದವು. ಅಪಘಾತದಲ್ಲಿ ಕಾರು ಥಟ್ಟನೆ ನಿಧಾನವಾದದ್ದನ್ನು ಸಂವೇದಕ ಗ್ರಹಿಸಿ ಕಿಡಿ ಕೊಡುತ್ತದೆ, ರಾಸಾಯನಿಕ ಉರಿದು ಅನಿಲವಾಗುತ್ತದೆ. ಹಿಂದೆ ಸೋಡಿಯಂ ಅಜೈಡ್ ಬಳಸುತ್ತಿದ್ದರು, ಅದರಿಂದ ಹೊಮ್ಮುವುದು ನೈಟ್ರೋಜನ್. ಚೀಲ ತುಂಬಲು ಸುಮಾರು 30 ಮಿಲಿಸೆಕೆಂಡು ಸಾಕು. ಕಣ್ಣೆವೆ ಒಮ್ಮೆ ಮಿಟುಕಲು ಅದರ ಮೂರು ನಾಲ್ಕು ಪಟ್ಟು ಹೊತ್ತು ಬೇಕು. ಆ ರಭಸದಲ್ಲಿ ಮುಚ್ಚಳ ಬಿರಿದು ಚೀಲ ನುಗ್ಗಿದಾಗ, ಮುಚ್ಚಳದ ಮೇಲೆ ಕೂತದ್ದು ಕಲ್ಲಾಗಲಿ ಗಾಜಾಗಲಿ ಗುಂಡಿನಂತೆ ಹಾರುತ್ತದೆ, ನೇರ ಎದುರಿಗಿರುವ ಮುಖದ ಕಡೆಗೆ.

ಅತ್ತೆ ಒಂದು ಕ್ಷಣ ಸುಮ್ಮನಿದ್ದು, ‘ಹಂಗಾದ್ರೆ ದೇವರನ್ನ ನಡುವೆ ಕೂರಿಸೋಣ, ಚಿಕ್ಕ ಪಟ ಸಾಕು’ ಎಂದರು. ಆ ಬೆಳಗಿನ ಅತಿ ಬುದ್ಧಿವಂತ ನಿರ್ಧಾರ ಅದು. ಅದೇ ಕಾರಣಕ್ಕೆ ಮುಂದಿನ ಸೀಟಿನಲ್ಲಿ ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಚಾಚಿ ಕೂರುವವರು ತಮ್ಮ ಮೊಣಕಾಲನ್ನು ತಮ್ಮ ಮುಖಕ್ಕೇ ಗುರಿಯಿಟ್ಟುಕೊಂಡಿರುತ್ತಾರೆ. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಕಾರಿನಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಸಿಕ್ಕಿದ್ದು ಮಾವನ ಅದೃಷ್ಟ, ಮೊದಲ ಮಾಲೀಕ ಒಂದು ಮೆಟ್ಟಿಲು ಮೇಲಿನ ದರ್ಜೆ ಕೊಂಡಿದ್ದ.

‘ಎಸ್‌ಆರ್‌ಎಸ್’ನ ಮೊದಲ ಅಕ್ಷರದ ಅರ್ಥ ‘ಪೂರಕ’. ಯಾವುದಕ್ಕೆ ಪೂರಕ? ಸೀಟ್ ಬೆಲ್ಟಿಗೆ. ಹೆಗಲಿಂದ ಸೊಂಟಕ್ಕೆ ಬರುವ ಈ ಮೂರು ಬಿಂದುವಿನ ಬೆಲ್ಟನ್ನು ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಲೀನ್ ರೂಪಿಸಿದರು. 1959ರಲ್ಲಿ ಅದು ಕಾರಿಗೆ ಬಂತು. ಕಂಪನಿ ಪೇಟೆಂಟನ್ನು ಬಿಗಿಹಿಡಿಯದೆ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ಬೆಲ್ಟನ್ನು ನಿಧಾನ ಎಳೆದರೆ ಬರುತ್ತದೆ, ಥಟ್ಟನೆ ಎಳೆದರೆ ಕಚ್ಚಿಕೊಳ್ಳುತ್ತದೆ. ಮಾವ ಹತ್ತು ಸಲ ಎಳೆದು ನೋಡಿ ಖುಷಿಪಟ್ಟರು. ಕಾರು ಹಠಾತ್ತನೆ ನಿಂತರೂ ಕಚ್ಚುತ್ತದೆ. ಪೆಟ್ಟಿಗೆಯೊಳಗಿನ ಪುಟ್ಟ ಗುಂಡು ತನ್ನ ಜಡತ್ವದಿಂದ ಮುಂದೆ ಉರುಳಿ ಹಲ್ಲನ್ನು ಒತ್ತುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬೆಲ್ಟು ಕೆಲವೊಮ್ಮೆ ಬರದೆ ಸತಾಯಿಸುವುದೂ ಆ ಗುಂಡು ಉರುಳಿರುವುದರಿಂದಲೇ.

‘ಹಿಂದೆ ಕೂತೋರಿಗೆ ಬೇಡ ಅಲ್ವಾ?’ ಎಂದರು ಅತ್ತೆ. ನಾನು ತೋಟದ ತೆಂಗಿನ ಮರ ತೋರಿಸಿದೆ. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಸುಮಾರು ಹನ್ನೊಂದೂವರೆ ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಇರುವುದು ಅದೇ ವೇಗ. ಬೆಲ್ಟಿಲ್ಲದೆ ಆ ವೇಗದಲ್ಲಿ ಹೋಗಿ ಗುದ್ದುವುದೂ ತೆಂಗಿನ ಮರದ ಸುಳಿಯಿಂದ ಬೀಳುವುದೂ ಒಂದೇ. ಮುಂದೆ ಕೂತರೂ ಅಷ್ಟೇ, ಹಿಂದೆ ಕೂತರೂ ಅಷ್ಟೇ. ಹಿಂದೆ ಕೂತವರು ಮುಂದಿನ ಸೀಟಿನವರ ಮೇಲೆ ಬೀಳುತ್ತಾರೆ, ಅದೊಂದು ಹೆಚ್ಚುವರಿ. ಮಗುವನ್ನು ಮಡಿಲಲ್ಲಿ ಹಿಡಿದರೆ ಸಾಲದೇ ಎಂಬ ಪ್ರಶ್ನೆಗೂ ಲೆಕ್ಕ ಹಾಕೋಣ. ಅದೇ ವೇಗದ ಕಾರು ಗುದ್ದಿ ಅರುವತ್ತು ಸೆಂಟಿಮೀಟರ್ ಮುದುಡಿ ನಿಂತರೆ, ಹತ್ತು ಕಿಲೋ ಮಗು ಆ ಕ್ಷಣಕ್ಕೆ ಎರಡು ಕ್ವಿಂಟಲ್‌ನಷ್ಟು ಭಾರವಾಗಿ ಎಳೆಯುತ್ತದೆ. ಎರಡು ಕ್ವಿಂಟಲ್ ರಾಗಿಯನ್ನು ತೋಳಲ್ಲಿ ಹಿಡಿದು ನಿಲ್ಲಿಸಬಲ್ಲ ತಾಯಿ ಯಾರಿದ್ದಾರೆ? 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಒಳ್ಳೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕದೆ ಕೂತಿದ್ದಾಗ. ಅತ್ತೆ ಸೀಟಿನ ಸಂದಿಯಲ್ಲಿ ಕೈ ಹಾಕಿ ಹುಡುಕಿದರು. ಬೆಲ್ಟಿನ ಕೊಂಡಿಗಳು ಹೊಲಿಸಿದ ಹೊಸ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿದ್ದವು. ಕತ್ತರಿ ತಂದು ಕವರು ಸೀಳಿದ್ದು ಅತ್ತೆಯೇ.

ಸೀಟಿನ ತಲೆದಿಂಬಿನ ಬಗ್ಗೆ ಮೊಬೈಲಿನಲ್ಲಿ ಒಂದು ಕಥೆ ಓಡಾಡುತ್ತದೆ: ಅದನ್ನು ಕಿತ್ತುಕೊಳ್ಳಲು ಬರುವುದು, ನೀರಿಗೆ ಬಿದ್ದಾಗ ಅದರ ಸರಳಿನಿಂದ ಗಾಜು ಒಡೆಯಲೆಂದೇ. ಇದು ಕಟ್ಟುಕಥೆ. ಕಿತ್ತುಕೊಳ್ಳಲು ಬರುವುದು ಎತ್ತರ ಹೊಂದಿಸಲು, ಸೀಟು ಮಡಚಲು. ಹಿಂದಿನಿಂದ ಯಾರಾದರೂ ಗುದ್ದಿದಾಗ ಕತ್ತು ಚಾಟಿಯಂತೆ ಹಿಂದಕ್ಕೆ ಬೀಸದ ಹಾಗೆ ತಡೆಯುವುದು ಅದರ ಕೆಲಸ. ಕುತ್ತಿಗೆಗಲ್ಲ, ತಲೆಯ ಹಿಂಭಾಗಕ್ಕೆ ಸರಿಯಾಗಿ ಬರುವಂತೆ ಏರಿಸಬೇಕು. ಗಾಜು ಒಡೆಯುವ ಪ್ರಸಂಗ ಬಂದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ಅದು ಕಲ್ಲುಸಕ್ಕರೆ ಚೂರಿನಂತೆ ಉದುರುತ್ತದೆ. ಮುಂದಿನ ಗಾಜು ಎಷ್ಟು ಹೊಡೆದರೂ ಜೇಡರಬಲೆಯಂತೆ ಬಿರುಕು ಬಿಟ್ಟು ನಿಲ್ಲುತ್ತದೆ. ಎರಡು ಹಾಳೆ ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪೊರೆ ಇರುವುದೇ ಅದಕ್ಕೆ ಕಾರಣ.

ಆಮೇಲೆ ಗೂಡುಗಳ ತಪಾಸಣೆ. ಎಡಸೀಟಿನ ಮುಂದಿನ ಪೆಟ್ಟಿಗೆಯನ್ನು ಗ್ಲೌ ಬಾಕ್ಸ್ ಎನ್ನುತ್ತಾರೆ. ಚಾವಣಿಯಿಲ್ಲದ ಹಳೆಯ ಕಾರುಗಳಲ್ಲಿ ಚಳಿಗೆ ಕೈಗವಸು ಬೇಕೇ ಬೇಕಿತ್ತು. 1909ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್ ಹೆಂಗಸರಿಗಾಗಿ ಬರೆದ ಕಾರಿನ ಪುಸ್ತಕದಲ್ಲಿ, ಸೀಟಿನಡಿಯ ಪುಟ್ಟ ಡ್ರಾಯರಿನಲ್ಲಿ ಕೈಗವಸು ಇಟ್ಟುಕೊಳ್ಳಿ, ಹಿಂದೆ ಬರುವವರನ್ನು ನೋಡಲು ಕೈಗನ್ನಡಿಯನ್ನೂ ಒಯ್ಯಿರಿ ಎಂದು ಸಲಹೆ ಕೊಟ್ಟಿದ್ದರು. ಡ್ಯಾಶ್‌ಬೋರ್ಡ್ ಎಂಬುದು ಕುದುರೆಗಾಡಿಯ ಕಾಲದ ಹೆಸರು, ಗೊರಸಿನಿಂದ ಸಿಡಿಯುವ ಕೆಸರು ತಡೆಯಲು ಮುಂದೆ ಕಟ್ಟುತ್ತಿದ್ದ ಹಲಗೆ. ಮಾವನ ಗ್ಲೌ ಬಾಕ್ಸಿನಲ್ಲಿ ಕೈಗವಸಿರಲಿಲ್ಲ. ಒಂದು ಅರಿಸಿನದ ಪೊಟ್ಟಣ, ಬಾಡಿದ ನಿಂಬೆಹಣ್ಣು, ಮಾತ್ರೆಗಳ ಪಟ್ಟಿ, ಟೊಮೆಟೊ ಮಂಡಿಯ ಚೀಟಿಗಳು, ಎಲ್ಲಕ್ಕಿಂತ ಕೆಳಗೆ ಪ್ಲಾಸ್ಟಿಕ್ ಕವರು ಬಿಚ್ಚದ ಕಾರಿನ ಕೈಪಿಡಿ. ಹಳೇ ಮಾಲೀಕನೂ ಓದಿರಲಿಲ್ಲ.

ಚಾಲಕನ ಕಾಲಬಳಿ ಒಂದು ಲೀಟರಿನ ನೀರಿನ ಬಾಟಲಿ ಉರುಳಾಡುತ್ತಿತ್ತು. ಬಾಗಿಲಲ್ಲಿ ಅದಕ್ಕೆಂದೇ ಗೂಡಿದೆ. ಬ್ರೇಕು ಒತ್ತಿದಾಗ ಬಾಟಲಿ ಮುಂದೆ ಉರುಳಿ ಪೆಡಲಿನಡಿ ಸಿಕ್ಕಿಕೊಂಡರೆ ಬ್ರೇಕು ಒತ್ತಲಾಗುವುದಿಲ್ಲ. ಬೇಕಾದಾಗಲೇ ಕೈಕೊಡುವ ಅಪಾಯ ಇದು. ಹಿಂದಿನ ಗಾಜಿನ ಬಳಿಯ ಹಲಗೆಯ ಮೇಲೆ ಅತ್ತೆ ಇಟ್ಟಿದ್ದ ತೆಂಗಿನಕಾಯಿಯನ್ನೂ ಇಳಿಸಿದೆ. ತೆಂಗಿನ ಮರದ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ.

ಬಿಸಿಲಲ್ಲಿ ನಿಲ್ಲಿಸುವ ಕಾರಿನ ಗೂಡುಗಳಲ್ಲಿ ಲೈಟರ್, ಸುಗಂಧದ ಡಬ್ಬಿ, ಪವರ್ ಬ್ಯಾಂಕ್ ಇಡಬಾರದು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಕಾದ ಸೀಟುಗಳಿಂದ ಹೊಮ್ಮುವ ಶಾಖವನ್ನು ಹೊರಗೆ ಬಿಡುವುದಿಲ್ಲ, ಗಾಳಿಯೂ ಆಡುವುದಿಲ್ಲ. ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ 20 ಡಿಗ್ರಿಗೂ ಮೇಲೇರಬಹುದು, ಅದರಲ್ಲಿ ಹೆಚ್ಚಿನದು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಎರಡು ಬೆರಳು ಇಳಿಸಿದರೆ ಪ್ರಯೋಜನ ಅತ್ಯಲ್ಪ. ಮಗುವನ್ನು ಐದೇ ನಿಮಿಷ ಎಂದು ಒಳಗೆ ಬಿಟ್ಟು ಹೋಗಬೇಡಿ. ಹಿಂದಿನ ಬಾಗಿಲ ಅಂಚಿನಲ್ಲಿ, ಬಾಗಿಲು ತೆರೆದಾಗ ಮಾತ್ರ ಕಾಣುವ ಪುಟ್ಟ ಚೈಲ್ಡ್ ಲಾಕ್ ಇದೆ. ಅದು ಹಾಕಿದ್ದರೆ ಒಳಗಿನಿಂದ ಯಾರೂ ತೆರೆಯಲಾರರು, ದೊಡ್ಡವರೂ.

‘ಇದೊಂದು ಗುಂಡಿ ಒತ್ತಕ್ಕೇ ಆಗ್ತಿಲ್ಲ ನೋಡು’ ಎಂದು ಮಾವ ಸ್ಟೀರಿಂಗಿನ ಬಲಕ್ಕಿದ್ದ ಒಂದು ಚೌಕವನ್ನು ಒತ್ತುತ್ತಿದ್ದರು. ಅದು ಗುಂಡಿಯಲ್ಲ. ದುಬಾರಿ ದರ್ಜೆಯ ಕಾರಿನಲ್ಲಿ ಅಲ್ಲೊಂದು ಸ್ವಿಚ್ಚಿರುತ್ತದೆ. ಅಗ್ಗದ್ದರಲ್ಲಿ ತೂತು ಕಾಣದಿರಲೆಂದು ಮುಚ್ಚಳ ಹಾಕಿರುತ್ತಾರೆ.

ಕೊನೆಗೆ ಡಿಕ್ಕಿ. ಕನ್ನಡದಲ್ಲಿ ಕಾರು ಡಿಕ್ಕಿ ಹೊಡೆಯುತ್ತದೆ, ಕಾರಿಗೆ ಡಿಕ್ಕಿಯೂ ಇರುತ್ತದೆ, ಎರಡಕ್ಕೂ ಸಂಬಂಧವಿಲ್ಲ. ಎರಡನೆಯದು ಇಂಗ್ಲಿಷರ ಸಾರೋಟಿನ ಹಿಂದೆ ಆಳುಗಳು ಕೂರುತ್ತಿದ್ದ ‘ಡಿಕಿ’ ಸೀಟಿನಿಂದ ಬಂದದ್ದು. ಅದರೊಳಗಿನ ಚಾಪೆ ಎತ್ತಿದರೆ ಸಿಗುವ ಸ್ಟೆಪ್ನಿಯದ್ದು ಇನ್ನೂ ದೂರದ ಊರು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲಾನೆಲ್ಲಿ ಎಂಬ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಡೇವಿಸ್ ಸಹೋದರರು ಬದಲಿ ಚಕ್ರ ಮಾರಲು ತೊಡಗಿದರು. ಆ ಬೀದಿಯ ಹೆಸರು ಲಕ್ಕೂರಿನ ಪಂಕ್ಚರ್ ಅಂಗಡಿಯವನ ಬಾಯಲ್ಲಿ ಇಂದಿಗೂ ಇದೆ.

ಮಾವ ಮೂರು ವಾರದಲ್ಲಿ ಆ ಚಾಪೆ ಎತ್ತಿರಲಿಲ್ಲ. ಎತ್ತಿದೆವು. ಜ್ಯಾಕ್ ಇತ್ತು, ಸ್ಪ್ಯಾನರ್ ಇತ್ತು, ಕೆಂಪು ತ್ರಿಕೋನ ಇತ್ತು. ಸ್ಟೆಪ್ನಿಯನ್ನು ಅಂಗಡಿಗೆ ಹೊರಳಿಸಿಕೊಂಡು ಹೋಗಿ ಗಾಳಿ ನೋಡಿಸಿದರೆ ಮುಳ್ಳು 9ರಲ್ಲಿ ನಿಂತಿತು. ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯ ಪ್ರಕಾರ ಬೇಕಿದ್ದದ್ದು 33. ಟೈರಿನ ಪಕ್ಕೆಯ ಮೇಲೆ 2316 ಎಂದು ಒತ್ತಿತ್ತು, ಎಂದರೆ 2016ರ 23ನೇ ವಾರ. ಹೊಸ ರಬ್ಬರಿನ ಮೇಲಿರುವ ಕೂದಲಿನಂಥ ಎಳೆಗಳು ಒಂದೂ ಸವೆಯದೆ ಹಾಗೇ ನಿಂತಿದ್ದವು. ಅಷ್ಟು ವರ್ಷದಲ್ಲಿ ಅದು ಒಮ್ಮೆಯೂ ರಸ್ತೆ ಮುಟ್ಟಿರಲಿಲ್ಲ.